ಗೇಮಿಂಗ್ ಕಂಪ್ಯೂಟರ್ ಜೋಡಿಸುವ ಮುಂಚೆ ಒಂದಿಷ್ಟು ಇತಿಹಾಸ

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದಾದರೂ ಕಂಪ್ಯೂಟರ್ ಅಂಗಡಿಗೆ ಹೋಗಿ "ಒಂದು ಗೇಮಿಂಗ್ ಪಿಸಿ ಬೇಕಿತ್ತು" ಅನ್ನಿ. ಅಂಗಡಿಯವರು ಮೊದಲು ಕೇಳುವುದು "ಬಜೆಟ್ ಎಷ್ಟು ಸರ್?" ಅಂತ. ಆಮೇಲೆ ಒಂದು ಹಾಳೆ ಎಳೆದುಕೊಂಡು ಎಂಟು ಸಾಲು ಬರೆದುಕೊಡುತ್ತಾರೆ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್. ಪ್ರತಿ ಸಾಲಿನ ಮುಂದೆ ಒಂದು ಬೆಲೆ, ಕೆಳಗೆ ಮೊತ್ತ. ಮೊತ್ತ ನೋಡಿದ ಮೇಲೆ ಯಾವ ಸಾಲಿಗೆ ಕತ್ತರಿ ಹಾಕುವುದು ಅನ್ನುವ ಚರ್ಚೆ ಶುರು!

ನೆಂಟರ ಮಕ್ಕಳು, ಗೆಳೆಯರ ಮಕ್ಕಳು ಆಗಾಗ ಈ ಹಾಳೆಯ ಫೋಟೋ ಕಳಿಸಿ "ಮಾಮ, ಪ್ರೊಸೆಸರ್‌ಗೆ ಜಾಸ್ತಿ ದುಡ್ಡು ಹಾಕ್ಲಾ, ಗ್ರಾಫಿಕ್ಸ್ ಕಾರ್ಡ್‌ಗಾ?" ಅಂತ ಕೇಳುತ್ತಿರುತ್ತಾರೆ. ಉತ್ತರ ಹೇಳುವುದು ಕಷ್ಟವೇನಲ್ಲ. ಆದರೆ ನನಗೆ ಅದಕ್ಕಿಂತ ಕುತೂಹಲದ ಪ್ರಶ್ನೆ ಇನ್ನೊಂದಿದೆ. ಈ ಹಾಳೆಯಲ್ಲಿ ಎಂಟು ಸಾಲು ಯಾಕಿವೆ? ಟೀವಿ ಕೊಳ್ಳುವಾಗ ಪರದೆ ಒಬ್ಬರದು, ಸ್ಪೀಕರ್ ಇನ್ನೊಬ್ಬರದು ಅಂತ ಆರಿಸುತ್ತೇವೆಯೇ? ಮೊಬೈಲ್ ಕೊಳ್ಳುವಾಗ ಕ್ಯಾಮೆರಾ ಈ ಕಂಪನಿಯದು ಹಾಕಿ, ಬ್ಯಾಟರಿ ಆ ಕಂಪನಿಯದು ಹಾಕಿ ಅನ್ನುವುದಕ್ಕಾಗುತ್ತದೆಯೇ? ಕಂಪ್ಯೂಟರಿಗೆ ಮಾತ್ರ ಈ ಭಾಗ್ಯ ಹೇಗೆ ಬಂತು?

ಬಂದದ್ದು ಯಾರದೋ ಔದಾರ್ಯದಿಂದಲ್ಲ, ಅವಸರದಿಂದ. ಆ ಕಥೆ ಶುರುವಾಗುವುದು 1980ರಲ್ಲಿ, ಅಮೆರಿಕದ ಫ್ಲಾರಿಡಾ ರಾಜ್ಯದ ಬೋಕಾ ರಟೋನ್ ಎಂಬ ಊರಿನಲ್ಲಿ. ಐಬಿಎಂ ಆಗ ಕಂಪ್ಯೂಟರ್ ಲೋಕದ ದೊಡ್ಡಣ್ಣ. ಬ್ಯಾಂಕು, ಸರಕಾರಗಳಿಗೆ ಕೋಣೆ ತುಂಬುವಂಥ ಯಂತ್ರಗಳನ್ನು ಮಾರುತ್ತಿದ್ದ ಕಂಪನಿ. ಅಷ್ಟರಲ್ಲಿ ಆಪಲ್‌ನಂಥ ಪುಟ್ಟ ಕಂಪನಿಗಳು ಮೇಜಿನ ಮೇಲಿಡುವ ಕಂಪ್ಯೂಟರ್ ಮಾರಿ ಚೆನ್ನಾಗಿ ದುಡ್ಡು ಮಾಡತೊಡಗಿದ್ದವು. ದೊಡ್ಡಣ್ಣನಿಗೆ ಸುಮ್ಮನಿರಲಾಗಲಿಲ್ಲ. ಸುಮಾರು ಒಂದು ವರ್ಷದೊಳಗೆ ತಮ್ಮದೂ ಒಂದು ಬರಬೇಕೆಂದು ಒಂದು ಚಿಕ್ಕ ತಂಡಕ್ಕೆ ಕೆಲಸ ಒಪ್ಪಿಸಿತು. ಅದರ ಮುಂದಾಳು ಡಾನ್ ಎಸ್ಟ್ರಿಜ್.

ಐಬಿಎಂನ ಪದ್ಧತಿಯೆಂದರೆ ಮುಖ್ಯ ಭಾಗಗಳನ್ನೆಲ್ಲ ತಾನೇ ತಯಾರಿಸುವುದು. ಅದಕ್ಕೆ ವರ್ಷಗಳೇ ಹಿಡಿಯುತ್ತಿದ್ದವು. ಈ ತಂಡಕ್ಕೆ ಅಷ್ಟು ಪುರುಸೊತ್ತಿರಲಿಲ್ಲ. ಹಾಗಾಗಿ ಪೇಟೆಯಲ್ಲಿ ಸಿಗುವುದನ್ನೇ ತಂದು ಜೋಡಿಸಿದರು. ಪ್ರೊಸೆಸರ್ ಇಂಟೆಲ್‌ನ 8088. ಫ್ಲಾಪಿ ಡ್ರೈವ್ ಭಾರತ ಮೂಲದ ಜುಗಿ ಟಂಡನ್ ಕಟ್ಟಿದ ಟಂಡನ್ ಕಂಪನಿಯದು. ಪ್ರಿಂಟರ್ ಜಪಾನಿನ ಎಪ್ಸನ್‌ನದು. ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್‌ನದು. ಒಂದು ಲೆಕ್ಕದಲ್ಲಿ ಜಗತ್ತಿನ ಅತಿ ಪ್ರಸಿದ್ಧ ಅಸೆಂಬಲ್ಡ್ ಕಂಪ್ಯೂಟರ್ ಜೋಡಿಸಿದ್ದು ಸ್ವತಃ ಐಬಿಎಂ ಅನ್ನಬಹುದು :-)

1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಹೊರಬಂತು. ಕಡಿಮೆ ಬೆಲೆಯ ಮಾದರಿಗೆ 1,565 ಡಾಲರ್. ಆ ದುಡ್ಡಿಗೆ ಸಿಗುತ್ತಿದ್ದುದು 16 ಕೆಬಿ ಮೆಮೊರಿ. ಫ್ಲಾಪಿ ಡ್ರೈವ್ ಇಲ್ಲ, ಮಾನಿಟರ್ ಇಲ್ಲ. ಆದರೆ ಮದರ್‌ಬೋರ್ಡಿನ ಮೇಲೆ ಐದು ಸ್ಲಾಟ್‌ಗಳಿದ್ದವು. ಕಾರ್ಡ್ ಮಾಡುವವರಿಗೆ ಅನುಕೂಲವಾಗಲೆಂದು ಇಡೀ ಯಂತ್ರದ ಸರ್ಕ್ಯೂಟ್ ನಕ್ಷೆಗಳನ್ನು, ಬಯಾಸ್ ಎಂಬ ಮೂಲ ತಂತ್ರಾಂಶದ ಸಾಲುಗಳನ್ನೂ ಸೇರಿಸಿ ಐಬಿಎಂ ಪುಸ್ತಕವಾಗಿ ಮಾರಾಟಕ್ಕಿಟ್ಟಿತು. ಆ ಐದು ಸ್ಲಾಟ್ ಮತ್ತು ಆ ಪುಸ್ತಕ, ಈ ಎರಡನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಅವುಗಳಿಂದಲೇ ಆದದ್ದು.

ಭಾಗಗಳೆಲ್ಲ ಪೇಟೆಯಲ್ಲಿ ಸಿಗುವುವು, ನಕ್ಷೆ ಪುಸ್ತಕದಲ್ಲಿದೆ. ಹಾಗಿದ್ದರೆ ಬೇರೆಯವರು ಅದೇ ಯಂತ್ರವನ್ನು ಮಾಡಲು ಅಡ್ಡಿಯೇನು? ಅಡ್ಡಿ ಒಂದೇ, ಬಯಾಸ್. ಅದರ ಹಕ್ಕುಸ್ವಾಮ್ಯ ಐಬಿಎಂನದು. ನಕಲು ಮಾಡಿದರೆ ಕೋರ್ಟು. 1982ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್ನಿನಲ್ಲಿ ಹುಟ್ಟಿದ ಕಾಂಪ್ಯಾಕ್ ಕಂಪನಿ ಇದಕ್ಕೊಂದು ಉಪಾಯ ಮಾಡಿತು. ಒಂದು ತಂಡ ಐಬಿಎಂ ಬಯಾಸನ್ನು ಓದಿ, ಅದು ಏನೇನು ಕೆಲಸ ಮಾಡುತ್ತದೆ ಎಂದು ಮಾತ್ರ ಬರೆದಿಟ್ಟಿತು. ಮೂಲವನ್ನು ಕಣ್ಣೆತ್ತಿಯೂ ನೋಡದ ಇನ್ನೊಂದು ತಂಡ ಆ ವಿವರಣೆಯನ್ನಷ್ಟೇ ಇಟ್ಟುಕೊಂಡು ಹೊಸದಾಗಿ ಬರೆಯಿತು. ಕೆಲಸ ಒಂದೇ, ಬರವಣಿಗೆ ಬೇರೆ. ಕಾನೂನಿನ ಪ್ರಕಾರ ಕಳ್ಳತನವಲ್ಲ! 1983ರಲ್ಲಿ ಅವರ ಕಂಪ್ಯೂಟರ್ ಪೇಟೆಗೆ ಬಂತು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇದೇ ಬಗೆಯಲ್ಲಿ ಬರೆದ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಗೆ ಬೇಲಿ ಪೂರ್ತಿ ಬಿತ್ತು. ತೈವಾನಿನಲ್ಲಿ ಗಿಗಾಬೈಟ್, ಎಂಎಸ್‌ಐ, ಆಸುಸ್‌ನಂಥ ಕಂಪನಿಗಳು ಒಂದೊಂದಾಗಿ ಹುಟ್ಟಿಕೊಂಡು ಮದರ್‌ಬೋರ್ಡ್‌ಗಳನ್ನೇ ಬೇರೆಯಾಗಿ ಮಾರತೊಡಗಿದವು.

ಐಬಿಎಂ ಕೈಕಟ್ಟಿ ಕೂರಲಿಲ್ಲ ಅನ್ನುವುದನ್ನೂ ಹೇಳಬೇಕು. 1987ರ ಏಪ್ರಿಲ್‌ನಲ್ಲಿ ಪಿಎಸ್/2 ಎಂಬ ಹೊಸ ಸಾಲಿನ ಕಂಪ್ಯೂಟರ್‌ಗಳನ್ನು ತಂದಿತು. ಅದರ ಮೇಲ್ದರ್ಜೆಯ ಮಾದರಿಗಳ ಸ್ಲಾಟ್ ಬೇರೆ, ಹೆಸರು ಮೈಕ್ರೋ ಚಾನೆಲ್. ತಾಂತ್ರಿಕವಾಗಿ ಹಳೆಯದಕ್ಕಿಂತ ಒಳ್ಳೆಯದೇ. ಆದರೆ ಅದನ್ನು ಬಳಸಿ ಕಂಪ್ಯೂಟರ್ ಮಾಡುವವರು ಐಬಿಎಂಗೆ ಕಪ್ಪ ಕೊಡಬೇಕು. 1988ರ ಸೆಪ್ಟೆಂಬರ್‌ನಲ್ಲಿ ಕಾಂಪ್ಯಾಕ್, ಎಚ್‌ಪಿ, ಎಪ್ಸನ್ ಸೇರಿದಂತೆ ಒಂಬತ್ತು ಕಂಪನಿಗಳು ಒಟ್ಟಾಗಿ, ಹಳೆಯ ಕಾರ್ಡ್‌ಗಳೂ ಕೂರುವಂಥ ತಮ್ಮದೇ ಸ್ಲಾಟ್ ಮಾಡುತ್ತೇವೆಂದು ಸಾರಿದವು. ಜನ ಐಬಿಎಂ ಹಿಂದೆ ಹೋಗಲಿಲ್ಲ. ಆ ಹೊತ್ತಿಗೆ ಒಂದು ವೇಳೆ ಐಬಿಎಂ ಗೆದ್ದಿದ್ದರೆ ಎಸ್.ಪಿ. ರಸ್ತೆಯ ಆ ಹಾಳೆಯಲ್ಲಿ ಬಹುಶಃ ಎಂಟು ಸಾಲು ಇರುತ್ತಿರಲಿಲ್ಲ.

ಇಷ್ಟೊತ್ತು ಆಟದ ಸುದ್ದಿಯೇ ಬರಲಿಲ್ಲ ಅಲ್ಲವೇ? ಕಾರಣ ಇದೆ. ಪಿಸಿ ಹುಟ್ಟಿದ್ದು ಗುಮಾಸ್ತೆ ಕೆಲಸಕ್ಕೆ. ಒಳಗಿನ ಪುಟ್ಟ ಸ್ಪೀಕರಿಗೆ ಬೀಪ್ ಅನ್ನುವುದೊಂದೇ ಗೊತ್ತು. ಮೊದಲ ಕಲರ್ ಕಾರ್ಡಿನಲ್ಲಿ 320x200 ಚುಕ್ಕಿಗಳ ಚಿತ್ರಕ್ಕೆ ಏಕಕಾಲಕ್ಕೆ ನಾಲ್ಕೇ ಬಣ್ಣ. ಆಟವಾಡುವವರು ಬೇರೆ ಯಂತ್ರ ಕೊಳ್ಳುತ್ತಿದ್ದರು. ಪಿಸಿಯನ್ನು ಆಟಕ್ಕೆ ತಂದದ್ದು ಆ ಖಾಲಿ ಸ್ಲಾಟ್‌ಗಳು. 1989ರಲ್ಲಿ ಸಿಂಗಾಪುರದ ಸಿಮ್ ವಾಂಗ್ ಹೂ ಅವರ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡ್ ತಂದಿತು. ಸಂಗೀತ, ಮಾತು, ಗುಂಡಿನ ಸದ್ದು ಎಲ್ಲ ಅದರಲ್ಲೇ. ಜಾಯ್‌ಸ್ಟಿಕ್ ಚುಚ್ಚಲು ಜಾಗವನ್ನೂ ಅದರ ಮೇಲೆಯೇ ಕೊಟ್ಟಿದ್ದರು. ಹೀಗೆ ಹಾಳೆಯಲ್ಲಿ ಸೌಂಡ್ ಕಾರ್ಡ್ ಅಂತ ಹೊಸ ಸಾಲು ಬಂತು. ಮುಂದೆ ಅದೇ ಕೆಲಸ ಮದರ್‌ಬೋರ್ಡಿನೊಳಗೇ ಸೇರಿಕೊಂಡು ಆ ಸಾಲು ಮಾಯವೂ ಆಯಿತು. ಈ ಹಾಳೆಯಲ್ಲಿ ಯಾವ ಸಾಲೂ ಶಾಶ್ವತವಲ್ಲ ನೋಡಿ.

1993ರ ಡಿಸೆಂಬರ್ 10ರಂದು ಡೂಮ್ ಬಂತು. ಟೆಕ್ಸಸ್‌ನ ಇಡ್ ಸಾಫ್ಟ್‌ವೇರ್‌ನ ಆಟ. 386 ಪ್ರೊಸೆಸರ್, 4 ಎಂಬಿ ಮೆಮೊರಿ ಇದ್ದರೆ ಓಡುತ್ತಿತ್ತು. ಸಲೀಸಾಗಿ ಓಡಬೇಕೆಂದರೆ 486 ಬೇಕು. ಕಚೇರಿ ಲೆಕ್ಕಕ್ಕೆ 386 ಧಾರಾಳವಾಗಿ ಸಾಕಿದ್ದ ಎಷ್ಟೋ ಮನೆಗಳಲ್ಲಿ "ಇದು ಹಳೆಯದಾಯಿತು" ಅನ್ನುವ ಮಾತು ಕೇಳಿಬಂದದ್ದು ಈ ಆಟದಿಂದ. ಯಾವ ಭಾಗ ಕೊಳ್ಳಬೇಕೆಂದು ನಿರ್ಧರಿಸುವವರು ಇನ್ನು ಮುಂದೆ ಆಟ ಬರೆಯುವವರು.

1996ರ ಕ್ವೇಕ್ ಇದಕ್ಕೆ ಅತ್ಯುತ್ತಮ ಉದಾಹರಣೆ. ಆಗ ಪೆಂಟಿಯಂಗಿಂತ ಅಗ್ಗವಾಗಿ ಸೈರಿಕ್ಸ್ 6x86 ಎಂಬ ಪ್ರೊಸೆಸರ್ ಸಿಗುತ್ತಿತ್ತು. ವರ್ಡ್, ಎಕ್ಸೆಲ್‌ಗಳಲ್ಲಿ ಪೆಂಟಿಯಂಗೆ ಸರಿಸಾಟಿ, ಕೆಲವೊಮ್ಮೆ ಒಂದು ಕೈ ಮೇಲೆ. ಆದರೆ ಕ್ವೇಕ್ ಹಾಕಿದರೆ ಮಕಾಡೆ! ಯಾಕೆ? ಮೂರು ಆಯಾಮದ ಗೋಡೆಯ ಮೇಲೆ ಚಿತ್ರ ಅಂಟಿಸುವಾಗ ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣಬೇಕು. ಅದಕ್ಕೆ ಭಾಗಾಕಾರ ಬೇಕು, ಭಾಗಾಕಾರ ಬಹಳ ನಿಧಾನದ ಕೆಲಸ. ಕ್ವೇಕ್ ಬರೆದ ಜಾನ್ ಕಾರ್ಮ್ಯಾಕ್ ಮತ್ತು ಮೈಕೆಲ್ ಅಬ್ರಾಶ್ ಹದಿನಾರು ಪಿಕ್ಸೆಲ್‌ಗೊಮ್ಮೆ ಮಾತ್ರ ಭಾಗಾಕಾರ ಮಾಡಿ, ನಡುವಿನದನ್ನು ಅಂದಾಜಿನಲ್ಲಿ ತುಂಬಿದರು. ಪೆಂಟಿಯಂನೊಳಗೆ ಭಾಗಾಕಾರ ಒಂದು ಕಡೆ ನಡೆಯುತ್ತಿರುವಾಗಲೇ ಇನ್ನೊಂದು ಕಡೆ ಪಿಕ್ಸೆಲ್‌ಗಳಿಗೆ ಬಣ್ಣ ಹಚ್ಚಬಹುದಿತ್ತು. ಒಲೆಯ ಮೇಲೆ ಅನ್ನ ಬೇಯುತ್ತಿರುವಾಗ ತರಕಾರಿ ಹೆಚ್ಚಿಕೊಂಡ ಹಾಗೆ. ಸೈರಿಕ್ಸ್‌ನ ದಶಮಾಂಶ ಲೆಕ್ಕದ ಭಾಗ ಅಷ್ಟು ಚುರುಕಿನದಲ್ಲ. ಒಂದೇ ಒಂದು ಆಟ, ಒಂದು ಪ್ರೊಸೆಸರ್ ಕಂಪನಿಯ ಮರ್ಯಾದೆ ಕಳೆಯಿತು. "ಎಲ್ಲ ಕೆಲಸಕ್ಕೂ ಒಳ್ಳೆಯ ಪ್ರೊಸೆಸರ್ ಯಾವುದು?" ಎಂಬ ಪ್ರಶ್ನೆಗೆ ಅರ್ಥವಿಲ್ಲ, "ನೀನು ಆಡುವ ಆಟಕ್ಕೆ ಯಾವುದು?" ಅಂತ ಕೇಳಬೇಕು ಅನ್ನುವುದು ಅಂದೇ ಗೊತ್ತಾಗಿಹೋಯಿತು.

ಅದೇ 1996ರಲ್ಲಿ ಕ್ಯಾಲಿಫೋರ್ನಿಯಾದ ತ್ರಿಡಿಎಫ್‌ಎಕ್ಸ್ ಕಂಪನಿಯ ವೂಡೂ ಬಂತು. ಮೊದಲು ಆಟದಂಗಡಿಗಳ ದೊಡ್ಡ ಯಂತ್ರಗಳಿಗೆಂದು ಮಾಡಿದ ಚಿಪ್ ಅದು. ಆ ವರ್ಷ ಮೆಮೊರಿ ಬೆಲೆ ದಬದಬ ಇಳಿದದ್ದರಿಂದ 4 ಎಂಬಿ ಹಾಕಿ ಸುಮಾರು 300 ಡಾಲರಿಗೆ ಮನೆಗೆ ಮಾರುವುದು ಸಾಧ್ಯವಾಯಿತು. ತಮಾಷೆಯೆಂದರೆ ಅದಕ್ಕೆ ಮಾಮೂಲಿ ಚಿತ್ರ ತೋರಿಸಲು ಬರುತ್ತಿರಲಿಲ್ಲ. ನಿಮ್ಮ ಹಳೆಯ ವಿಜಿಎ ಕಾರ್ಡಿನಿಂದ ಒಂದು ವೈರ್ ಎಳೆದು ಇದಕ್ಕೆ ಕೊಟ್ಟು, ಇದರಿಂದ ಮಾನಿಟರಿಗೆ ಕೊಡಬೇಕು. ಆಟ ಶುರುವಾದಾಗ ಕೆಲವು ಕಾರ್ಡ್‌ಗಳಲ್ಲಿ ರಿಲೇ "ಟಕ್" ಅಂದು ಬದಲಾಗುವ ಸದ್ದು ಹೊರಗೇ ಕೇಳುತ್ತಿತ್ತಂತೆ. ಆಮೇಲೆ ಕಾಣುತ್ತಿದ್ದುದು ಬೇರೆಯೇ ಲೋಕ. ಅಂದಿನಿಂದ ಹಾಳೆಯ ಯಜಮಾನಿಕೆ ಪ್ರೊಸೆಸರ್ ಸಾಲಿನಿಂದ ಗ್ರಾಫಿಕ್ಸ್ ಕಾರ್ಡ್ ಸಾಲಿಗೆ ಜಾರಿತು. ಇವತ್ತಿಗೂ ಅಲ್ಲೇ ಇದೆ.

ಅಷ್ಟು ಮೆರೆದ ತ್ರಿಡಿಎಫ್‌ಎಕ್ಸ್ ಏನಾಯಿತು? ಅದು ಚಿಪ್ ಮಾತ್ರ ಮಾಡಿ, ಕಾರ್ಡ್ ಮಾಡುವುದನ್ನು ಹತ್ತಾರು ಕಂಪನಿಗಳಿಗೆ ಬಿಟ್ಟಿತ್ತು. 1998ರ ಕೊನೆಗೆ ಎಸ್‌ಟಿಬಿ ಎಂಬ ಕಾರ್ಡ್ ಕಂಪನಿಯನ್ನು ಕೊಳ್ಳಲು ಹೊರಟು, ಇನ್ನು ಕಾರ್ಡನ್ನೂ ನಾವೇ ಮಾಡುತ್ತೇವೆ ಅಂದಿತು. ಹಳೆಯ ಪಾಲುದಾರರೆಲ್ಲ ಎದುರಾಳಿ ಎನ್‌ವಿಡಿಯಾ ಕಡೆ ನಡೆದರು. ಎನ್‌ವಿಡಿಯಾ 1999ರಲ್ಲಿ ಜಿಫೋರ್ಸ್ 256 ತಂದು ಅದನ್ನು ಜಿಪಿಯು ಎಂದು ಕರೆಯಿತು. 2000ದ ಡಿಸೆಂಬರ್‌ನಲ್ಲಿ ತ್ರಿಡಿಎಫ್‌ಎಕ್ಸ್‌ನ ಆಸ್ತಿಯನ್ನೇ ಕೊಳ್ಳುವುದಾಗಿ ಪ್ರಕಟಿಸಿತು. ಬೇಲಿ ಹಾಕಲು ಹೋದವರು ಸೋತ ಎರಡನೆಯ ಕಥೆ ಇದು.

ನಮ್ಮಂಥ ಕೊಳ್ಳುವವರು ಸುಮ್ಮನಿದ್ದೆವೆಂದುಕೊಳ್ಳಬೇಡಿ. 1998ರಲ್ಲಿ ಇಂಟೆಲ್ ಬಡವರಿಗೆಂದು ಸೆಲೆರಾನ್ 300ಎ ಬಿಟ್ಟಿತು. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಅದು 300ರ ಬದಲು 450ರಲ್ಲಿ ಓಡುತ್ತಿತ್ತು, ದುಬಾರಿ ಪೆಂಟಿಯಂ 2ರ ಪಕ್ಕ ನಿಲ್ಲುತ್ತಿತ್ತು. ಆಮೇಲಿನ ಎಎಂಡಿ ಡ್ಯುರಾನ್, ಅಥ್ಲಾನ್‌ಗಳಲ್ಲಿ ಚಿಪ್ಪಿನ ಮೇಲಿನ ಪುಟ್ಟ ಚುಕ್ಕಿಗಳನ್ನು ಪೆನ್ಸಿಲಿನಿಂದ ಗೀಚಿ ಸೇರಿಸಿದರೆ ಬೀಗ ತೆರೆದುಕೊಳ್ಳುತ್ತಿತ್ತು. ಸೀಸದಕಡ್ಡಿಯ ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದಲ್ಲ, ಅಷ್ಟೇ ವಿಜ್ಞಾನ. ಪೆನ್ಸಿಲ್ ಹಿಡಿದು ಪ್ರೊಸೆಸರ್ ವೇಗ ಹೆಚ್ಚಿಸಿದ ಕಾಲ ಅದು!

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತ 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಕಂಪ್ಯೂಟರ್ ಮತ್ತು ಬಿಡಿಭಾಗಗಳ ಆಮದು ಸುಂಕ ಹಂತಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಯಾಯಿತು. ಬ್ರಾಂಡೆಡ್ ಕಂಪ್ಯೂಟರ್ ಕೊಳ್ಳಲಾಗದ ಮನೆಗಳಿಗೆ ಕಂಪ್ಯೂಟರ್ ಬಂದದ್ದು ದೆಹಲಿಯ ನೆಹರು ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ನಮ್ಮ ಎಸ್.ಪಿ. ರಸ್ತೆಗಳಿಂದ. ನನ್ನ ಮೊದಲ ಯಂತ್ರವೂ ಅಲ್ಲಿಯದೇ. ಅಥ್ಲಾನ್ ಎಕ್ಸ್‌ಪಿ ಪ್ರೊಸೆಸರ್, ಜಿಫೋರ್ಸ್ 2 ಎಂಎಕ್ಸ್ ಕಾರ್ಡ್. ರಟ್ಟಿನ ಪೆಟ್ಟಿಗೆಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಒಯ್ದಿದ್ದೆ.

ಆ ಕಾಲದಲ್ಲಿ ಹಾಳೆಯಲ್ಲಿ ಎಸ್‌ಎಂಪಿಎಸ್‌ಗೆ ಪ್ರತ್ಯೇಕ ಸಾಲೇ ಇರುತ್ತಿರಲಿಲ್ಲ. ಕ್ಯಾಬಿನೆಟ್ ಕೊಂಡರೆ ಅದರೊಳಗೇ ಬರುತ್ತಿತ್ತು, ಮೈಮೇಲೆ 400 ವ್ಯಾಟ್ ಅಂತ ಚೀಟಿ. ಚೀಟಿಯ ವ್ಯಾಟೇ ಬೇರೆ, ಒಳಗಿನ ವ್ಯಾಟೇ ಬೇರೆ! ಮೊದಲು ಪ್ರೊಸೆಸರ್‌ಗಳು ಹೆಚ್ಚಾಗಿ 5 ವೋಲ್ಟಿನ ಸಾಲಿನಿಂದ ವಿದ್ಯುತ್ ಎಳೆಯುತ್ತಿದ್ದವು. 2000ದಲ್ಲಿ ಪೆಂಟಿಯಂ 4 ಬಂದ ಮೇಲೆ ಭಾರವೆಲ್ಲ 12 ವೋಲ್ಟಿನ ಸಾಲಿಗೆ ಸರಿಯಿತು, ಅದಕ್ಕೆಂದೇ ನಾಲ್ಕು ಪಿನ್ನಿನ ಹೊಸ ಕನೆಕ್ಟರ್ ಬಂತು. ಆಮೇಲೆ ಗ್ರಾಫಿಕ್ಸ್ ಕಾರ್ಡ್‌ಗಳೂ ಅದೇ ಸಾಲಿಗೆ ಬಾಯಿ ಹಾಕಿದವು. ನಮ್ಮ ಮಲೆನಾಡಿನ ಕರೆಂಟಿನ ಏರಿಳಿತ ಬೇರೆ. ಗೆಳೆಯನೊಬ್ಬನ ಮನೆಯಲ್ಲಿ ಮಳೆಗಾಲದ ಒಂದು ಸಂಜೆ ಅಂಥ ಅಗ್ಗದ ಎಸ್‌ಎಂಪಿಎಸ್ ಢಂ ಅಂದು, ಜೊತೆಗೆ ಮದರ್‌ಬೋರ್ಡ್, ಹಾರ್ಡ್ ಡಿಸ್ಕ್ ಎರಡನ್ನೂ ಕರೆದುಕೊಂಡು ಹೋಯಿತು. ಹಾರ್ಡ್ ಡಿಸ್ಕ್‌ನಲ್ಲಿ ಅವನ ಅಜ್ಜಿಯ ಕೊನೆಯ ಫೋಟೋಗಳಿದ್ದವು. ಆಟದ ಯಂತ್ರವೆಂದರೆ ಬರೀ ಆಟದ್ದಲ್ಲ ನೋಡಿ. ಮನೆಯಲ್ಲಿರುವುದು ಅದೊಂದೇ ಕಂಪ್ಯೂಟರ್ ಆದಾಗ ಎಲ್ಲರ ನೆನಪೂ ಅದರೊಳಗೇ ಇರುತ್ತದೆ. 2004ರಲ್ಲಿ 80 ಪ್ಲಸ್ ಎಂಬ ಪ್ರಮಾಣಪತ್ರ ಶುರುವಾಯಿತು. ಅದು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು ಮಾತ್ರ, ಗಟ್ಟಿತನವನ್ನಲ್ಲ. ಆದರೂ ಎಸ್‌ಎಂಪಿಎಸ್‌ಗೆ ಒಂದು ಪ್ರತ್ಯೇಕ ಸಾಲಿನ ಗೌರವ ಸಿಗಲು ಅದೂ ಕಾರಣ.

ಈಗ ಇತ್ತೀಚಿನದಕ್ಕೆ ಬರುತ್ತೇನೆ, ಇದು ಸ್ವಲ್ಪ ಬೇಸರದ ಅಧ್ಯಾಯ. 2012ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಮೂವರು ಎರಡು ಜಿಟಿಎಕ್ಸ್ 580 ಕಾರ್ಡ್‌ಗಳನ್ನು ಬಳಸಿ, ಚಿತ್ರಗಳನ್ನು ಗುರುತಿಸುವ ಅಲೆಕ್ಸ್‌ನೆಟ್ ಎಂಬ ನರಜಾಲವನ್ನು ತರಬೇತುಗೊಳಿಸಿದರು. ಅವು ಹುಡುಗರು ಆಟವಾಡಲು ಕೊಳ್ಳುವ ಕಾರ್ಡ್‌ಗಳೇ. ಇಂದಿನ ಕೃತಕ ಬುದ್ಧಿಮತ್ತೆಯ ಅಲೆಗೆ ಅದೊಂದು ದೊಡ್ಡ ತಿರುವು. 2017ರಲ್ಲೊಮ್ಮೆ, ಮತ್ತೆ 2020-21ರಲ್ಲಿ ಕ್ರಿಪ್ಟೋ ಗಣಿಗಾರಿಕೆಯವರು ಗ್ರಾಫಿಕ್ಸ್ ಕಾರ್ಡ್‌ಗಳನ್ನು ರಾಶಿ ರಾಶಿ ಕೊಂಡರು. ಎರಡನೆಯ ಸಲವಂತೂ ಕೊರೋನಾ ಕಾಲದ ಚಿಪ್ ಕೊರತೆಯೂ ಸೇರಿ, ನಮೂದಿಸಿದ ಬೆಲೆಗೆ ಕಾರ್ಡ್ ಸಿಗುವುದೇ ಕನಸಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ತನ್ನ ವಿಧಾನ ಬದಲಿಸಿ ಆ ಕಾಟ ತಗ್ಗಿತು. ಆದರೆ 2025ರಲ್ಲಿ ರ‍್ಯಾಮ್ ಸಾಲಿಗೆ ಬೆಂಕಿ ಬಿತ್ತು. ಡೇಟಾ ಸೆಂಟರ್‌ಗಳ ಹಸಿವಿಗೆ ಮೆಮೊರಿ ಕಾರ್ಖಾನೆಗಳು ಅತ್ತ ತಿರುಗಿದವು. ಆ ವರ್ಷದ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಆಟದ ಹುಡುಗರ ದುಡ್ಡಿನಿಂದ ಬೆಳೆದ ಚಿಪ್ಪು ಈಗ ಅದೇ ಹುಡುಗರ ಹಾಳೆಯ ಮೊತ್ತ ಏರಿಸುತ್ತಿದೆ.

ಇನ್ನೊಂದು ಕಡೆಯಿಂದ ಬೆಸುಗೆಯೂ ಬರುತ್ತಿದೆ. ಪ್ರೊಸೆಸರ್, ಗ್ರಾಫಿಕ್ಸ್ ಒಂದೇ ಚಿಪ್ಪಿನಲ್ಲಿ, ಪಕ್ಕದಲ್ಲೇ ಕಳಚಲಾಗದ ಮೆಮೊರಿ. 2025ರಲ್ಲಿ, ಬಿಚ್ಚಿ ಜೋಡಿಸಬಹುದಾದ ಲ್ಯಾಪ್‌ಟಾಪ್‌ಗಳಿಗೇ ಹೆಸರಾದ ಫ್ರೇಮ್‌ವರ್ಕ್ ಕಂಪನಿ ಕೂಡ ತನ್ನ ಡೆಸ್ಕ್‌ಟಾಪ್‌ಗೆ ಬೆಸುಗೆ ಹಾಕಿದ ಮೆಮೊರಿ ಇಟ್ಟಿತು. ಅವರು ಕೊಟ್ಟ ಕಾರಣ ಸುಳ್ಳಲ್ಲ, ಆ ಚಿಪ್ಪಿಗೆ ಬೇಕಾದ ವೇಗ ಸ್ಲಾಟಿನಲ್ಲಿ ದಕ್ಕುವುದಿಲ್ಲ. ಮೈಕ್ರೋ ಚಾನೆಲ್ ಕೂಡ ಹಳೆಯದಕ್ಕಿಂತ ಒಳ್ಳೆಯದೇ ಆಗಿತ್ತಲ್ಲ? ಬೇಲಿ ಯಾವಾಗಲೂ ಒಳ್ಳೆಯ ಕಾರಣ ಹೇಳಿಕೊಂಡೇ ಬರುತ್ತದೆ.

ಸರಿ, ಹಾಗಾದರೆ ದುಡ್ಡು ಎಲ್ಲಿ ಹಾಕುವುದು? ಇತಿಹಾಸ ನೋಡಿ ನಾನು ಹೇಳುವುದಿಷ್ಟು. ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಮೊದಲು ಮಾನಿಟರ್ ಮತ್ತು ನೀವು ನಿಜವಾಗಿ ಆಡುವ ಆಟ ಯಾವುದೆಂದು ತೀರ್ಮಾನಿಸಿ. 1080ಪಿ ಪರದೆಗೆ 4ಕೆ ಪರದೆಯ ಕಾರ್ಡ್ ದಂಡ. ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಆಮೇಲೆ. ಆ ಕಾರ್ಡನ್ನು ಕಾಯಿಸದಷ್ಟು ಪ್ರೊಸೆಸರ್ ಸಾಕು. ಕತ್ತರಿ ಹಾಕಲೇಬೇಕಾದರೆ ಬಣ್ಣದ ದೀಪಗಳ ಕ್ಯಾಬಿನೆಟ್‌ಗೆ ಹಾಕಿ, ಎಸ್‌ಎಂಪಿಎಸ್‌ಗೆ ಬೇಡ. ಮುಖ್ಯವಾಗಿ, ಮದರ್‌ಬೋರ್ಡಿನಲ್ಲಿ ರ‍್ಯಾಮಿಗೆ ನಾಲ್ಕು ಸ್ಲಾಟ್ ಇರುವುದು ಸಿಕ್ಕರೆ ಎರಡು ಖಾಲಿ ಬಿಡಿ, ಬೆಲೆ ಇಳಿದಾಗ ತುಂಬಬಹುದು. 1981ರಲ್ಲಿ ಆ ಐದು ಸ್ಲಾಟ್ ಬಿಟ್ಟವರಿಗೆ ಅಲ್ಲಿ ಸೌಂಡ್ ಬ್ಲಾಸ್ಟರ್ ಬಂದು ಕೂರುತ್ತದೆಂದು ಗೊತ್ತಿರಲಿಲ್ಲ.

ಅಂದ ಹಾಗೆ, ಎಸ್.ಪಿ. ರಸ್ತೆಗೆ ಹೋಗುವವರು ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ. ಮೂರು ಅಂಗಡಿಯಲ್ಲಾದರೂ ಹಾಳೆ ಬರೆಸಿಕೊಳ್ಳಿ. ಬಿಲ್ ಮತ್ತು ಪ್ರತಿ ಭಾಗದ ಪೆಟ್ಟಿಗೆ ಎರಡನ್ನೂ ಜೋಪಾನವಾಗಿಟ್ಟುಕೊಳ್ಳಿ, ವಾರಂಟಿಗೆ ಬೇಕಾಗುತ್ತದೆ.